ಕ್ಯಾನಿನ ಹಾಲಿನಲ್ಲಿ ಹಟ್ಟಿಯ ಕಾಯಿಲೆ ಹುಡುಕುವವರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪಶುಸಂಗೋಪನಾ ಇಲಾಖೆಯ ಉಪನಿರ್ದೇಶಕರಿಗೆ, ಹಾಲು ಒಕ್ಕೂಟದ ಆಡಳಿತ ಮಂಡಳಿಗೆ, ಊರೂರಿನ ಹಾಲು ಉತ್ಪಾದಕರ ಸಹಕಾರಿ ಸಂಘಗಳ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಹಸು ಮಾರುವವರು, ಕೊಳ್ಳುವವರು, ದೇವಸ್ಥಾನಕ್ಕೆ ಅಭಿಷೇಕದ ಹಾಲು ಕೊಡುವವರು ಎಲ್ಲರೂ ಹೇಳುವುದು ಒಂದೇ: ‘ಡೈರಿಯಲ್ಲಿ ದಿನಾ ಹಾಲು ಟೆಸ್ಟ್ ಆಗ್ತದಲ್ಲ, ಏನಾದರೂ ಇದ್ದರೆ ಗೊತ್ತಾಗ್ತಿತ್ತು.’ ಗೊತ್ತಾಗುವುದಿಲ್ಲ. ಸಂಘದ ಮೇಜಿನ ಮೇಲೆ ದಿನಾ ನಡೆಯುವುದು ಜಿಡ್ಡು ಮತ್ತು ಡಿಗ್ರಿಯ (ಲ್ಯಾಕ್ಟೊಮೀಟರಿನಲ್ಲಿ ಕಾಣುವ ಹಾಲಿನ ಸಾಂದ್ರತೆಯ) ಅಳತೆ. ಅದು ದುಡ್ಡಿನ ಲೆಕ್ಕಕ್ಕೆ ಬೇಕಾದದ್ದು, ಹಸುವಿನ ಆರೋಗ್ಯಕ್ಕೂ ಅದಕ್ಕೂ ಸಂಬಂಧ ತೀರಾ ಕಡಿಮೆ. ಡೈರಿಯ ಲ್ಯಾಬಿನಲ್ಲಿ ಮೆಥಿಲೀನ್ ಬ್ಲೂ ಹಾಕಿ ನೀಲಿ ಬಣ್ಣ ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಎಂದು ನೋಡುತ್ತಾರೆ. ಐದು ಗಂಟೆಗಿಂತ ಹೆಚ್ಚು ನಿಂತರೆ ಬಹಳ ಒಳ್ಳೆಯ ಹಾಲು, ಅರ್ಧ ಗಂಟೆಯೊಳಗೆ ಹೋದರೆ ಕೆಟ್ಟ ಹಾಲು. ಅದರಿಂದ ತಿಳಿಯುವುದು ಹಾಲಿನಲ್ಲಿ ಒಟ್ಟು ಎಷ್ಟು ಬ್ಯಾಕ್ಟೀರಿಯಾ ಬೆಳೆದಿದೆ ಎಂಬುದು: ಕ್ಯಾನು ಸರಿಯಾಗಿ ತೊಳೆದಿದ್ದಾರೋ ಇಲ್ಲವೋ, ಕರೆದ ಹಾಲು ತಣ್ಣಗಾಗುವ ಮೊದಲು ಎಷ್ಟು ಹೊತ್ತು ಹಾಗೆಯೇ ಇತ್ತು ಎಂಬುದು. ಕಂದು ರೋಗ, ಅಂದರೆ ದನಗಳಲ್ಲಿ ಗಬ್ಬ ಇಳಿಸುವ, ಮನುಷ್ಯರಿಗೂ ಹರಡುವ ಬ್ರುಸೆಲ್ಲೋಸಿಸ್ ಇರುವ ಹಸುವಿನ ಹಾಲು ನೋಡುವುದಕ್ಕೂ ರುಚಿಗೂ ಡಿಗ್ರಿಗೂ ಬೇರೆಯಾಗಿರುವುದಿಲ್ಲ. ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಅದು ಮೊದಲ ದರ್ಜೆಯಲ್ಲೇ ಪಾಸಾಗಬಹುದು.

ಹಾಲಿನಿಂದ ರೋಗ ಪತ್ತೆ ಮಾಡುವ ಪರೀಕ್ಷೆಗಳು ಬೇರೆಯೇ ಇವೆ, ಅವು ಉಪಯುಕ್ತವೂ ಹೌದು. ನಮ್ಮ ತಕರಾರು ಅವುಗಳ ಬಗ್ಗೆ ಅಲ್ಲ. ನೂರಾರು ಹಸುಗಳನ್ನು ಒಂದೇ ಹಟ್ಟಿಯಲ್ಲಿ ಸಾಕುವ ದೇಶಗಳಿಗೆಂದು ರೂಪಿಸಿದ ಪರೀಕ್ಷೆಯನ್ನು ಎರಡು ಮೂರು ಹಸುಗಳ ನಮ್ಮ ಹಟ್ಟಿಗಳ ಮೇಲೆ ಹಾಗೆಯೇ ಪ್ರಯೋಗಿಸಿ, ಬಂದ ನೆಗೆಟಿವ್ ಅನ್ನು ‘ರೋಗವಿಲ್ಲ’ ಎಂದು ಬರೆದುಕೊಳ್ಳುವುದರ ಬಗ್ಗೆ ಈ ಪತ್ರ.

ಹಾಲಿನಲ್ಲಿ ಕಂದು ರೋಗದ ಸುಳಿವು ಹುಡುಕುವ ಮಿಲ್ಕ್ ರಿಂಗ್ ಪರೀಕ್ಷೆಯಿಂದಲೇ ಶುರು ಮಾಡೋಣ. ಅಗ್ಗ, ಸುಲಭ, ಸಂಘದ ಹಂತದಲ್ಲಿಯೇ ಮಾಡಬಹುದಾದದ್ದು. ಕೊಂದ ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳಿಗೆ ಹಿಮಟಾಕ್ಸಿಲಿನ್‌ನಿಂದ ಕಡು ನೀಲಿ ಬಣ್ಣ ಕಟ್ಟಿದ ದ್ರಾವಣವೇ ಇದರ ಆಂಟಿಜೆನ್, ಅಂದರೆ ಪ್ರತಿಕಾಯ ಬಂದು ಅಂಟುವ ವಸ್ತು. ಸಣ್ಣ ಟ್ಯೂಬಿನಲ್ಲಿ 1 ಮಿಲಿ ಹಸಿ ಹಾಲಿಗೆ ಇದನ್ನು 0.03ರಿಂದ 0.05 ಮಿಲಿ ಸೇರಿಸಿ, ಮೆಲ್ಲಗೆ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಟ್ಯೂಬು ಅಗಲವಾಗಿರಬಾರದು, ಹಾಲಿನ ಕಂಬ ಕನಿಷ್ಠ 25 ಮಿಮೀ ಎತ್ತರ ನಿಲ್ಲಬೇಕು. ಹಾಲಿನಲ್ಲಿ ಪ್ರತಿಕಾಯ ಇದ್ದರೆ ನೀಲಿ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿ, ಜಿಡ್ಡಿನ ಕಣಗಳ ಜೊತೆ ಮೇಲೇರುತ್ತವೆ. ಆಗ ಮೇಲೆ ಕೆನೆಯಲ್ಲಿ ನೀಲಿ ಉಂಗುರ, ಕೆಳಗೆ ಬಿಳಿ ಹಾಲು. ಪ್ರತಿಕಾಯ ಇಲ್ಲದಿದ್ದರೆ ಕೆನೆ ಬಿಳಿಯಾಗಿದ್ದು ಕೆಳಗಿನ ಹಾಲೇ ನೀಲಿಯಾಗಿ ಉಳಿಯುತ್ತದೆ. ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಹಸು ತಯಾರಿಸಿದ ಪ್ರತಿಕಾಯವನ್ನು. ಆ ಪ್ರತಿಕಾಯವನ್ನು ಮೇಲಕ್ಕೆ ಹೊತ್ತೊಯ್ಯುವುದು ಜಿಡ್ಡು. ಈ ಎರಡು ವಿಷಯ ಗೊತ್ತಿದ್ದರೆ ಪರೀಕ್ಷೆ ಎಲ್ಲಿ ಕೈಕೊಡುತ್ತದೆ ಎಂದು ಯಾರಾದರೂ ಊಹಿಸಬಹುದು.

ಕ್ಯಾನನ್ನು ಪ್ಲಂಜರಿನಿಂದ ಕಲಕದೆ ತಳದ ಹಾಲು ತೆಗೆದರೆ ಅದರಲ್ಲಿ ಕೆನೆಯೇ ಇರುವುದಿಲ್ಲ, ಉಂಗುರವೂ ಮೂಡುವುದಿಲ್ಲ. ಮಾದರಿಯನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ, ಬಿಸಿ ಮಾಡಿದರೆ, ಸ್ಕೂಟರಿನ ಡಿಕ್ಕಿಯಲ್ಲಿ ಘಟ್ಟದ ತಿರುವುಗಳುದ್ದಕ್ಕೂ ಕುಲುಕಿಸಿಕೊಂಡು ತಂದರೆ ಜಿಡ್ಡಿನ ಕಣಗಳ ರಚನೆ ಒಡೆದುಹೋಗುತ್ತದೆ. 72 ಗಂಟೆ ದಾಟಿದ ಮಾದರಿಯೂ ಲೆಕ್ಕಕ್ಕಿಲ್ಲ. ಕರೆದ ಕೂಡಲೇ ಪರೀಕ್ಷೆ ಮಾಡುವುದೂ ಸರಿಯಲ್ಲ. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ಮರುದಿನ ಹಾಲು ಮತ್ತು ಆಂಟಿಜೆನ್ ಎರಡನ್ನೂ ಕೋಣೆಯ ಉಷ್ಣತೆಗೆ ತಂದು, ಬಾಟಲಿಯನ್ನು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗೆ ಮಾಡಿ, ಆಮೇಲೆ ಶುರು ಮಾಡಬೇಕು. ಪ್ರತಿ ಸಲ ಪರೀಕ್ಷೆಗಿಡುವ ಟ್ಯೂಬುಗಳ ಜೊತೆ ಒಂದು ಗೊತ್ತಿರುವ ಪಾಸಿಟಿವ್, ಒಂದು ಗೊತ್ತಿರುವ ನೆಗೆಟಿವ್ ಟ್ಯೂಬ್ ಇರಲೇಬೇಕು. ಜುಲೈ ತಿಂಗಳ ಮಳೆಗೆ ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿದ್ದರೆ ಅದನ್ನು ಹೇಳುವುದು ಆ ಪಾಸಿಟಿವ್ ಟ್ಯೂಬ್ ಒಂದೇ. ಅದರಲ್ಲಿ ಉಂಗುರ ಬಾರದಿದ್ದರೆ ಆ ದಿನದ ಫಲಿತಾಂಶವನ್ನೆಲ್ಲ ಎಸೆಯಬೇಕು, ಬರೆದುಕೊಳ್ಳಬಾರದು.

ಇನ್ನೊಂದು ದಿಕ್ಕಿನ ತಪ್ಪೂ ಇದೆ. ಗಿಣ್ಣು ಹಾಲು, ಬತ್ತುತ್ತಿರುವ ಹಸುವಿನ ಕೊನೆಯ ದಿನಗಳ ಹಾಲು, ಕೆಚ್ಚಲು ಬಾವಿನ ಹಾಲು, ನಾಲ್ಕು ತಿಂಗಳ ಒಳಗೆ ಲಸಿಕೆ ಪಡೆದ ಹಸುವಿನ ಹಾಲು, ಇವೆಲ್ಲ ರೋಗವಿಲ್ಲದೆಯೂ ಉಂಗುರ ತೋರಿಸಬಲ್ಲವು. ನೂರು ಹಸುಗಳ ಹಾಲಿನಲ್ಲಿ ಒಂದು ಗಿಣ್ಣು ಹಾಲಿನ ಹಸು ಸೇರಿದರೆ ಕರಗಿಹೋಗುತ್ತದೆ. ಎರಡು ಹಸುಗಳ ಮನೆಯಲ್ಲಿ ಅದು ಅರ್ಧ ಪಾಲು. ಈ ಕಾರಣಕ್ಕೇ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಕೈಪಿಡಿ, ತೀರಾ ಸಣ್ಣ ಹಟ್ಟಿಗಳಲ್ಲಿ ಈ ಪರೀಕ್ಷೆ ಬೇಡ ಎನ್ನುತ್ತದೆ. ಬೈಂದೂರಿನಿಂದ ಸುಳ್ಯದವರೆಗೆ ನಮ್ಮಲ್ಲಿರುವ ಹೆಚ್ಚಿನ ಹಟ್ಟಿಗಳು ಆ ಮಾತಿನ ವ್ಯಾಪ್ತಿಗೇ ಬರುತ್ತವೆ.

ಹಾಗಾದರೆ ಎಲ್ಲರ ಹಾಲು ಸೇರಿಸಿ ನೋಡೋಣ ಎಂದರೆ ಅಲ್ಲಿ ಬೇರೆ ತೊಡಕು. ಒಂದು ರೋಗದ ಹಸು ಬೆಳಗ್ಗೆ 3.5 ಲೀಟರ್ ಕೊಡುತ್ತದೆ, ಸಂಘಕ್ಕೆ ಬೆಳಗಿನ ಹಾಲು 250 ಲೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಹಸುವಿನ ಹಾಲು ಸುಮಾರು 70ರಲ್ಲಿ ಒಂದು ಪಾಲು. ಇಷ್ಟನ್ನು ರಿಂಗ್ ಪರೀಕ್ಷೆ ಹಿಡಿಯುವ ಸಾಧ್ಯತೆ ಇದೆ. ಅದೇ ಹಾಲು ನಾಲ್ಕಾರು ಸಂಘಗಳ 3,000 ಲೀಟರಿನ ಜೊತೆ ಬಿಎಂಸಿ, ಅಂದರೆ ಹಾಲು ತಂಪಾಗಿಸುವ ದೊಡ್ಡ ಟ್ಯಾಂಕಿಗೆ ಹೋದರೆ 850ರಲ್ಲಿ ಒಂದು ಪಾಲು. ಹಸುಗಳ ಸಂಖ್ಯೆ 150 ದಾಟಿದರೆ 1 ಮಿಲಿಯ ಬದಲು 2 ಮಿಲಿ ಹಾಲು, 450 ದಾಟಿದರೆ 3 ಮಿಲಿ ಹಾಲು ತೆಗೆದುಕೊಂಡು, ಆಂಟಿಜೆನ್ ಮಾತ್ರ ಅಷ್ಟೇ ಇಟ್ಟು ಪರೀಕ್ಷೆ ಮಾಡುವ ಕ್ರಮವನ್ನು ಕೈಪಿಡಿ ಹೇಳಿದೆ. ಅದೂ 700 ಹಸುಗಳಿಗೆ ಮುಗಿಯುತ್ತದೆ. ಬಿಎಂಸಿಯಿಂದ ಒಂದು ಬಾಟಲಿ ತೆಗೆದು, 1 ಮಿಲಿಯಲ್ಲಿ ಪರೀಕ್ಷೆ ಮಾಡಿ, ಅಷ್ಟೂ ಊರುಗಳಿಗೆ ‘ನೆಗೆಟಿವ್’ ಎಂದು ಬರೆಯುವುದು ಕಾಗದ ತುಂಬಿಸುವ ಕೆಲಸ.

ಲ್ಯಾಬಿನಲ್ಲಿ ಪ್ರತಿಕಾಯ ಹುಡುಕುವ ಇನ್ನೊಂದು ಪರೀಕ್ಷೆಯಾದ ಎಲೈಸಾ ಇದಕ್ಕಿಂತ ಚುರುಕು. ಅದಕ್ಕೆ ಜಿಡ್ಡಿನ ಹಂಗಿಲ್ಲ, ಹಾಲನ್ನು ಸೆಂಟ್ರಿಫ್ಯೂಜ್ ಮಾಡಿ ಕೆನೆ ತೆಗೆದೇ ಪರೀಕ್ಷಿಸಬಹುದು, ಇನ್ನಷ್ಟು ತೆಳುವಾದ ಹಾಲಿನಲ್ಲೂ ಪ್ರತಿಕಾಯ ಹಿಡಿಯುತ್ತದೆ. ಈ ಕೆಲಸದಲ್ಲಿ ಅನುಭವವಿರುವ, ಪಶುರೋಗಗಳ ಸಂಶೋಧನೆ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ನಮ್ಮ ರಾಜ್ಯದ ಯಲಹಂಕದಲ್ಲೇ ಇದೆ. ಆದರೆ ಎಲೈಸಾ ಕೂಡ ಕ್ಯಾನಿನಲ್ಲಿ ಇಲ್ಲದ ಹಸುವನ್ನು ಹಿಡಿಯಲಾರದು.

ಕ್ಯಾನಿನಲ್ಲಿ ಯಾರಿಲ್ಲ? ಬತ್ತಿದ ಹಸು ಇಲ್ಲ. ಕಡಸು ಇಲ್ಲ. ಹೋರಿ ಇಲ್ಲ. ಗೋಶಾಲೆಯಲ್ಲಿರುವ ಮುದಿ ದನಗಳು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊನ್ನೆ ಏಳು ತಿಂಗಳಿಗೆ ಕಂದು ಹಾಕಿದ ಹಸು ಇಲ್ಲ. ಅದಕ್ಕೆ ಹಾಲೇ ಇಳಿದಿರುವುದಿಲ್ಲ, ಇಳಿದರೂ ಮನೆಯವರು ಡೈರಿಗೆ ಕೊಡುವುದಿಲ್ಲ. ಕಂದು ರೋಗ ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಹರಡುವುದು ಮುಖ್ಯವಾಗಿ ಕಂದು ಹಾಕಿದಾಗ ಅಥವಾ ಕರು ಹಾಕಿದಾಗ ಬೀಳುವ ಮಾಸು, ನೀರು, ಸತ್ತ ಕರುವಿನಿಂದ. ಅಂದರೆ ಅತ್ಯಂತ ಅಪಾಯದ ದಿನಗಳಲ್ಲಿರುವ ಹಸುವೇ ಹಾಲಿನ ಪರೀಕ್ಷೆಯಿಂದ ಹೊರಗೆ ಉಳಿಯುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಸೋಂಕು ತಗಲಿದ ಮೇಲೆ ಪ್ರತಿಕಾಯ ಮೂಡಲು ವಾರಗಳು ಬೇಕು. ಕಂದು ಹಾಕಿದ ದಿನ ರಕ್ತ ತೆಗೆದರೂ ನೆಗೆಟಿವ್ ಬಂದು, ಮೂರು ವಾರದ ನಂತರ ಪಾಸಿಟಿವ್ ಆಗುವ ಹಸುಗಳಿವೆ. ರೋಗದ ತಾಯಿಗೆ ಹುಟ್ಟಿದ ಕೆಲವು ಹೆಣ್ಣುಗರುಗಳು ತಮ್ಮ ಮೊದಲ ಗಬ್ಬ ಮುಗಿಯುವವರೆಗೂ ಯಾವ ಪರೀಕ್ಷೆಗೂ ಸಿಗುವುದಿಲ್ಲ.

ಪಾಸಿಟಿವ್ ಬಂದಾಗ ಎಷ್ಟು ನಂಬಬೇಕು ಎಂಬುದಕ್ಕೂ ಒಂದು ಲೆಕ್ಕ ಹಾಕಿ ನೋಡಬೇಕು. ರೋಗದ 100 ಹಸುಗಳಲ್ಲಿ 90ನ್ನು ಹಿಡಿಯುವ, ರೋಗವಿಲ್ಲದ 100ರಲ್ಲಿ 99ನ್ನು ಸರಿಯಾಗಿ ಬಿಟ್ಟುಬಿಡುವ ಒಂದು ಪರೀಕ್ಷೆ ಇದೆ ಎನ್ನಿ. ಕೇಳಲು ಬಹಳ ಒಳ್ಳೆಯದೇ. ಸಾವಿರ ಹಸುಗಳಲ್ಲಿ ನಿಜಕ್ಕೂ ರೋಗ ಇರುವುದು 10ಕ್ಕೆ ಎಂದಾದರೆ, ಪರೀಕ್ಷೆ 9ನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತ ಹಸುಗಳಲ್ಲಿ ಸುಮಾರು 10ಕ್ಕೆ ಸುಮ್ಮನೆ ಪಾಸಿಟಿವ್ ಎನ್ನುತ್ತದೆ. ಒಟ್ಟು 19 ಪಾಸಿಟಿವ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಆದ್ದರಿಂದ ಹಾಲಿನ ಒಂದು ಪಾಸಿಟಿವ್ ಫಲಿತಾಂಶ ಹಿಡಿದುಕೊಂಡು ಯಾರ ಹಸುವಿಗೂ ಹೆಸರಿಡಬಾರದು. ಅದು ‘ಈ ಗುಂಪಿನ ಮನೆಗಳಲ್ಲಿ ರಕ್ತ ಪರೀಕ್ಷೆ ಮಾಡಿ’ ಎಂಬ ಸೂಚನೆ ಮಾತ್ರ. ರಕ್ತದ ರೋಸ್ ಬೆಂಗಾಲ್ ಪರೀಕ್ಷೆ ಸುಲಭ: 30 ಮೈಕ್ರೋಲೀಟರ್ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಅಷ್ಟೇ ಆಂಟಿಜೆನ್, ಬಿಳಿ ತಟ್ಟೆಯ ಮೇಲೆ ಬೆರೆಸಿ ಆಡಿಸುತ್ತಾ 4 ನಿಮಿಷಕ್ಕೆ ಸರಿಯಾಗಿ ಓದಬೇಕು. ಐದಾರು ನಿಮಿಷ ಬಿಟ್ಟು ನೋಡಿದರೆ ಅಂಚು ಒಣಗಿ ಕಾಳುಕಾಳಾಗಿ ಕಂಡು ಪಾಸಿಟಿವ್ ಎನಿಸುತ್ತದೆ. ಅದರಲ್ಲೂ ಪಾಸಿಟಿವ್ ಬಂದದ್ದನ್ನು ಎಲೈಸಾದಿಂದ ಖಚಿತ ಮಾಡಿಕೊಳ್ಳಬೇಕು.

‘ಲಸಿಕೆ ಹಾಕಿಸಿದ್ದೇವೆ, ಅದಕ್ಕೇ ಪಾಸಿಟಿವ್ ಬಂದಿದೆ’ ಎಂಬ ಸಮಾಧಾನವೂ ಹೆಚ್ಚಿನ ಸಂದರ್ಭಗಳಲ್ಲಿ ನಿಲ್ಲುವುದಿಲ್ಲ. 2019ರಲ್ಲಿ ಶುರುವಾದ ಜಾನುವಾರು ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಂದು ರೋಗದ ಎಸ್-19 ಲಸಿಕೆ ಹಾಕುವುದು 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ, ಜೀವಮಾನದಲ್ಲಿ ಒಂದೇ ಸಲ. ಆ ವಯಸ್ಸಿನಲ್ಲಿ ಹಾಕಿದರೆ ಅದು ಕರು ಹಾಕಿ ಹಾಲು ಕೊಡುವ ಹೊತ್ತಿಗೆ ಲಸಿಕೆಯ ಪ್ರತಿಕಾಯ ಸಾಮಾನ್ಯವಾಗಿ ಇಳಿದಿರುತ್ತದೆ. ವಯಸ್ಸು ದಾಟಿದ ಕಡಸಿಗೆ ಹಾಕಿದ್ದರೆ ಮಾತ್ರ ಗೊಂದಲ ವರ್ಷಗಟ್ಟಲೆ ಉಳಿಯಬಹುದು. ಲಸಿಕೆ ಹಾಕಿದ ದಿನಾಂಕ ಮತ್ತು ಕರುವಿನ ವಯಸ್ಸನ್ನು ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯ ಎದುರು ಸರಿಯಾಗಿ ದಾಖಲಿಸಬೇಕಾದದ್ದು ಇದಕ್ಕೇ. ಇದು ಜೀವಂತ ಬ್ಯಾಕ್ಟೀರಿಯಾದ ಲಸಿಕೆ, ಹಾಕುವವರ ಕೈಗೆ ಚುಚ್ಚಿಕೊಂಡರೆ ಅವರಿಗೇ ಕಾಯಿಲೆ ಬರಬಹುದು. ಕೈಗವಸು, ಕನ್ನಡಕ ಕೊಡದೆ ಲಸಿಕೆ ಹಾಕುವವರನ್ನು ಊರಿಗೆ ಕಳಿಸಬೇಡಿ.

ಈಗ ಕೆಚ್ಚಲು ಬಾವು. ಗಂಟು ಗಂಟಾಗಿ ಹಾಲು ಬಂದರೆ, ಕೆಚ್ಚಲು ಬಿಸಿಯಾಗಿ ಊದಿದರೆ ಪರೀಕ್ಷೆಯೇ ಬೇಡ. ತೊಂದರೆ ಇರುವುದು ಹೊರಗೆ ಏನೂ ಕಾಣದೆ ಒಳಗೊಳಗೇ ಹಾಲು ತಗ್ಗಿಸುವ ಬಾವಿನಲ್ಲಿ. ಇಲ್ಲಿ ನೋಡುವುದು ಸೊಮ್ಯಾಟಿಕ್ ಸೆಲ್, ಅಂದರೆ ಸೋಂಕಿನ ಜೊತೆ ಹೋರಾಡಲು ಕೆಚ್ಚಲಿಗೆ ಬಂದ ಬಿಳಿ ರಕ್ತಕಣಗಳ ಎಣಿಕೆ. ಒಂದು ಮಿಲಿ ಹಾಲಿನಲ್ಲಿ 2 ಲಕ್ಷ ದಾಟಿದರೆ ಸಂಶಯಪಡಬೇಕು. ಒಂದು ಮೊಲೆಯ ಹಾಲಿನಲ್ಲಿ 10 ಲಕ್ಷ, ಉಳಿದ ಮೂರರಲ್ಲಿ ತಲಾ 1 ಲಕ್ಷ ಇದ್ದರೆ ನಾಲ್ಕೂ ಸೇರಿದ ಹಾಲಿನಲ್ಲಿ 3.25 ಲಕ್ಷ. 10 ಲಕ್ಷ ಎಣಿಕೆಯ ಅಂಥದ್ದೇ ಹಾಲು 8 ಲೀಟರ್ ಹೋಗಿ 1 ಲಕ್ಷ ಎಣಿಕೆಯ 92 ಲೀಟರ್ ಹಾಲಿಗೆ ಸೇರಿದರೆ 1.72 ಲಕ್ಷ, ಅಂದರೆ ಮಿತಿಯ ಒಳಗೆ. ಕ್ಯಾನಿನ ಹಾಲು ‘ಉತ್ತಮ’ ಎನಿಸಿಕೊಂಡೇ ಇರುತ್ತದೆ, ಆ ಹಸುವಿನ ಕೆಚ್ಚಲು ಮಾತ್ರ ಹಾಳಾಗುತ್ತಾ ಹೋಗುತ್ತದೆ.

ಇದಕ್ಕೆ ಸರಿಯಾದ ಜಾಗ ಹಟ್ಟಿ. ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ ಮತ್ತು ಸಿಎಂಟಿ (ಕ್ಯಾಲಿಫೋರ್ನಿಯಾ ಕೆಚ್ಚಲು ಬಾವು ಪರೀಕ್ಷೆ) ದ್ರಾವಣ ಇದ್ದರೆ ಸಾಕು. ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಕರೆದು ಬಿಡಿ, ನೆಲಕ್ಕೆ ಕರೆಯಬೇಡಿ. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಕರೆದು, ತಟ್ಟೆಯನ್ನು ಓರೆ ಮಾಡಿ ಹೆಚ್ಚಾದದ್ದನ್ನು ಚೆಲ್ಲಿ, ಸುಮಾರು 2 ಮಿಲಿ ಉಳಿಸಿ. ಅಷ್ಟೇ ದ್ರಾವಣ ಹಾಕಿ ವೃತ್ತಾಕಾರವಾಗಿ ಹತ್ತು ಸೆಕೆಂಡು ಆಡಿಸಿ, ಆಡಿಸುತ್ತಲೇ ನೋಡಿ. ದ್ರಾವಣದಲ್ಲಿರುವ ಡಿಟರ್ಜೆಂಟ್ ಜೀವಕೋಶಗಳನ್ನು ಒಡೆದು ಒಳಗಿನ ಡಿಎನ್‌ಎ ಹೊರಬರುವುದರಿಂದ ಹಾಲು ಲೋಳೆಯಾಗುತ್ತದೆ. ಏನೂ ಬದಲಾಗದಿದ್ದರೆ 2 ಲಕ್ಷದೊಳಗೆ, ಸ್ಪಷ್ಟವಾಗಿ ದಪ್ಪಗಾದರೆ 4 ಲಕ್ಷದಿಂದ 12 ಲಕ್ಷ, ನಡುವೆ ಗುಡ್ಡೆಯಾಗಿ ನಿಂತು ಬಟ್ಟಲಿಗೆ ಅಂಟಿದರೆ 50 ಲಕ್ಷಕ್ಕೂ ಮೇಲೆ. 20 ಸೆಕೆಂಡಿನೊಳಗೆ ಓದಿ ಮುಗಿಸಬೇಕು, ಹೊತ್ತಾದರೆ ಸಣ್ಣ ಲೋಳೆ ಮಾಯವಾಗುತ್ತದೆ. ಸಿಎಂಟಿ ದ್ರಾವಣ ಸಿಗದಿದ್ದರೆ ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ 30 ಗ್ರಾಂ ಒಂದು ಲೀಟರ್ ನೀರಿಗೆ ಕರಗಿಸಿದ ಶೇ 3ರ ದ್ರಾವಣದಲ್ಲೂ ಲೋಳೆ ಕಾಣುತ್ತದೆ, ಬಣ್ಣದ ಬದಲಾವಣೆ ಮಾತ್ರ ಇರುವುದಿಲ್ಲ. ಕರು ಹಾಕಿದ ಮೊದಲ ವಾರ ಮತ್ತು ಬತ್ತುವ ಹೊತ್ತಿಗೆ ಈ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ. ಆಗ ನಾಲ್ಕೂ ಮೊಲೆಗಳಲ್ಲಿ ಕಣಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಒಂದೇ ಮೊಲೆ ಬೇರೆ ಕಂಡರೆ ಆಗ ಯೋಚಿಸಬೇಕು.

ಸಿಎಂಟಿ ಹೇಳುವುದು ಬಾವು ಇದೆ ಎಂದು, ಯಾವ ಬ್ಯಾಕ್ಟೀರಿಯಾ ಎಂದು ಅಲ್ಲ. ಅದಕ್ಕೆ ಕಲ್ಚರ್, ಅಂದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ಅಲ್ಲಿ ಹೆಚ್ಚಿನ ತಪ್ಪು ಲ್ಯಾಬಿನಲ್ಲಿ ಆಗುವುದಿಲ್ಲ, ಹಟ್ಟಿಯಲ್ಲಿ ಆಗುತ್ತದೆ. ಮೊಲೆಗಳನ್ನು ಒಣಗಿಸಿ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಮೊಲೆಯ ತುದಿಯನ್ನು ಶೇ 70ರ ಸ್ಪಿರಿಟ್ ಹತ್ತಿಯಿಂದ ಹತ್ತಿ ಬೆಳ್ಳಗೆ ಉಳಿಯುವವರೆಗೆ ಉಜ್ಜಬೇಕು. ಒರೆಸುವಾಗ ಆಚೆ ಬದಿಯ ಮೊಲೆಗಳು ಮೊದಲು, ಮಾದರಿ ತೆಗೆಯುವಾಗ ಈಚೆ ಬದಿಯವು ಮೊದಲು. ಇಲ್ಲದಿದ್ದರೆ ಒರೆಸಿದ ಮೊಲೆಗೆ ನಮ್ಮ ತೋಳೇ ತಾಗುತ್ತದೆ. ಬಾಟಲಿಯನ್ನು ನೆಟ್ಟಗೆ ಹಿಡಿದರೆ ಕೆಚ್ಚಲಿನ ಕೂದಲು, ಸೆಗಣಿಯ ಪುಡಿ ಒಳಗೆ ಬೀಳುತ್ತದೆ, ಓರೆಯಾಗಿ ಹಿಡಿಯಬೇಕು. ಮುಚ್ಚಳವನ್ನು ಎಲ್ಲೂ ಇಡದೆ ಕಿರುಬೆರಳಿನಲ್ಲಿ ಹಿಡಿದುಕೊಂಡಿರಬೇಕು. ನೆಲಕ್ಕೆ ಸೊಪ್ಪು, ದರಗು ಹಾಕುವ ನಮ್ಮ ಹಟ್ಟಿಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಈ ಎಚ್ಚರ ತಪ್ಪಿದರೆ ತಟ್ಟೆಯ ತುಂಬ ಬೆಳೆಯುವುದು ಸೆಗಣಿಯ ಬ್ಯಾಕ್ಟೀರಿಯಾ. ಮೂರು ಅಥವಾ ಹೆಚ್ಚು ಬಗೆಯವು ಒಂದೇ ಮಾದರಿಯಲ್ಲಿ ಬೆಳೆದರೆ ಅದನ್ನು ಕಲುಷಿತ ಮಾದರಿ ಎಂದು ಬರೆದು ಮತ್ತೆ ತರಿಸಬೇಕು. ಅವುಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಆಂಟಿಬಯೋಟಿಕ್ ಬರೆದುಕೊಡುವುದು ರೈತರಿಗೂ ಹಸುವಿಗೂ ಮಾಡುವ ಅನ್ಯಾಯ. ಕ್ಯಾನಿನ ಹಾಲಿನಲ್ಲಿ ಇ-ಕೊಲೈ ಬೆಳೆದರೂ ಅದು ಕೆಚ್ಚಲಿನಿಂದಲೇ ಬಂತು ಎನ್ನುವಂತಿಲ್ಲ.

ಏನೂ ಬೆಳೆಯಲಿಲ್ಲ ಎಂದರೂ ಹಸು ಗೆದ್ದಿತು ಎಂದಲ್ಲ. ಲ್ಯಾಬಿನ ಲೂಪಿನಲ್ಲಿ (ಸಣ್ಣ ತಂತಿಯ ಕುಣಿಕೆಯಲ್ಲಿ) ಎದ್ದು ಬರುವ ಹಾಲು 0.01 ಮಿಲಿ. ಅದರಲ್ಲಿ ಬ್ಯಾಕ್ಟೀರಿಯಾದ ಒಂದು ಗುಂಪು (ಕಾಲನಿ) ಕಾಣಬೇಕಾದರೆ ಒಂದು ಮಿಲಿಯಲ್ಲಿ ನೂರು ಬ್ಯಾಕ್ಟೀರಿಯಾ ಆದರೂ ಇರಬೇಕು. ಹಸುವಿನಿಂದ ಹಸುವಿಗೆ ಕರೆಯುವವರ ಕೈಯಿಂದಲೇ ಹರಡುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದು ದಿನ ಧಾರಾಳವಾಗಿ, ಇನ್ನೊಂದು ದಿನ ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ ಬರುತ್ತದೆ. ಒಂದೇ ಮಾದರಿ ತೆಗೆದರೆ ಸೋಂಕಿರುವ ಮೊಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಿಗುತ್ತವೆ. ಬೇರೆ ಬೇರೆ ದಿನ ಎರಡು ತೆಗೆದರೆ ಶೇ 94ರಷ್ಟು, ಮೂರು ತೆಗೆದರೆ ಶೇ 98ರಷ್ಟು. ಬಾವು ತರುವ ಇನ್ನೊಂದು ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಸಾಮಾನ್ಯ ಮಾಧ್ಯಮದಲ್ಲಿ ಬೆಳೆಯುವುದೇ ಇಲ್ಲ. ಹಿಂದಿನ ದಿನ ಮೊಲೆಗೆ ಔಷಧಿಯ ಟ್ಯೂಬ್ ಏರಿಸಿದ್ದರೆ ಆ ಮಾದರಿಯಿಂದ ಪ್ರಯೋಜನವಿಲ್ಲ. ಇದನ್ನು ಚೀಟಿಯಲ್ಲಿ ಬರೆಯದೆ ಕಳಿಸುವುದು ದಿನನಿತ್ಯದ ಮಾತಾಗಿದೆ. ಮಾದರಿಯನ್ನು ಐಸಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರೀಜ್ ಮಾಡಬಹುದು. ಸ್ಟ್ಯಾಫಿಲೊಕಾಕಸ್ ಅದನ್ನು ತಡೆದುಕೊಳ್ಳುತ್ತದೆ, ಇ-ಕೊಲೈ ಸಂಖ್ಯೆ ತಗ್ಗುತ್ತದೆ. ಗಮನಿಸಿ, ರಿಂಗ್ ಪರೀಕ್ಷೆಯ ಮಾದರಿಗೆ ಫ್ರೀಜರ್ ವಿಷ, ಕಲ್ಚರ್ ಮಾದರಿಗೆ ಅಲ್ಲ. ಎರಡಕ್ಕೂ ಒಂದೇ ಬಾಟಲಿ ಸಾಕು ಎಂದು ಯಾರಾದರೂ ಸುತ್ತೋಲೆ ಹೊರಡಿಸುವ ಮೊದಲು ಇದನ್ನು ಓದಲಿ.

ಕ್ಷಯಕ್ಕೆ ಹಾಲಿನ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಚರ್ಮದೊಳಗೆ ಟ್ಯೂಬರ್ಕ್ಯುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತಯಾರಿಸಿದ ದ್ರವ) 0.1 ಮಿಲಿ ಚುಚ್ಚಿ, 72 ಗಂಟೆಯ ನಂತರ ಚರ್ಮದ ದಪ್ಪ ಅಳೆಯುವುದೇ ಅದರ ದಾರಿ. ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಇಲಿ ಜ್ವರದ ಲೆಪ್ಟೊಸ್ಪೈರಾ ಕೂಡ ದನಗಳಲ್ಲಿ ಕಂದು ಹಾಕಿಸುತ್ತದೆ. ರಿಂಗ್ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ರಿಂಗ್ ನೆಗೆಟಿವ್ ಬಂದ ಹಟ್ಟಿಯಲ್ಲಿ ಹಸು ಕಂದು ಹಾಕಿದರೆ ಕೈಗವಸಿಲ್ಲದೆ ಮಾಸು ಎಳೆಯಬಹುದು ಎಂದು ಯಾರೂ ತಿಳಿಯಬಾರದು.

ನಾವು ಕೇಳುವುದು ದೊಡ್ಡ ಖರ್ಚಿನ ಸಂಗತಿಗಳಲ್ಲ.

ಬಿಎಂಸಿ ಟ್ಯಾಂಕಿನ ಬಾಟಲಿಯಿಂದ ಇಡೀ ಊರಿಗೆ ಫಲಿತಾಂಶ ಕೊಡುವುದು ಬೇಡ. ಪ್ರತಿ ಸಂಘದಲ್ಲೂ ಜಿಡ್ಡು ನೋಡಲೆಂದು ಮನೆಮನೆಯ ಹಾಲಿನ ಮಾದರಿ ಹೇಗೂ ತೆಗೆಯುತ್ತೀರಿ. ಮಿಲ್ಕ್ ಅನಲೈಸರಿಗೆ ಹೋಗುವ ಮೊದಲು ಅದರಿಂದಲೇ ತಲಾ 5 ಮಿಲಿ ತೆಗೆದು, ಹತ್ತು ಮನೆಗಳಿಗೆ ಒಂದು ಬಾಟಲಿ ಮಾಡಿ. ಎಲ್ಲರದ್ದೂ ಸಮಪಾಲು ಆಗುವುದರಿಂದ 20 ಲೀಟರ್ ಕೊಡುವ ಮನೆಯ ಹಾಲಿನಲ್ಲಿ 2 ಲೀಟರ್ ಕೊಡುವ ಮನೆಯ ಹಾಲು ಮುಳುಗಿಹೋಗುವುದಿಲ್ಲ. ಅರವತ್ತು ಮನೆಗಳ ಸಂಘಕ್ಕೆ ಆರು ಬಾಟಲಿ. ಯಾವ ಬಾಟಲಿಯಲ್ಲಿ ಯಾವ ಮನೆಗಳು ಎಂಬ ಪಟ್ಟಿ ಕಾರ್ಯದರ್ಶಿಯ ಬಳಿ ಇರಲಿ. ಉಂಗುರ ಬಂದರೆ ಹತ್ತು ಮನೆಗೆ ಹೋದರೆ ಸಾಕು. ಕರು ಹಾಕಿ ವಾರವಾಗದ ಹಸು, ಬತ್ತುತ್ತಿರುವ ಹಸು, ಬಾವಿರುವ ಹಸು ಇರುವ ಮನೆಗಳ ಎದುರು ಗುರುತು ಹಾಕಿಕೊಳ್ಳಿ. ಅಂಥ ಮನೆ ಇರುವ ಬಾಟಲಿಯಲ್ಲಿ ಉಂಗುರ ಕಂಡರೆ ಮೊದಲು ಆ ಮನೆ ಬಿಟ್ಟು ಇನ್ನೊಮ್ಮೆ ನೋಡಿ, ಆ ಮನೆಯ ಹಸುಗಳ ರಕ್ತವನ್ನು ನೇರವಾಗಿ ಪರೀಕ್ಷಿಸಿ. ಇದನ್ನು ಮೂರು ತಿಂಗಳಿಗೊಮ್ಮೆ ಮಾಡಿದರೆ, ಈಗ ಬತ್ತಿರುವ ಹಸು ವರ್ಷದೊಳಗೆ ಒಂದೆರಡು ಸಲವಾದರೂ ಬಾಟಲಿಯೊಳಗೆ ಬಂದೇ ಬರುತ್ತದೆ. ವರ್ಷಕ್ಕೊಮ್ಮೆ ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸಲು ಮಾಡಿದರೆ ಬರುವುದಿಲ್ಲ.

ಹಸು ಕಂದು ಹಾಕಿದ ಸುದ್ದಿ ಹಾಲಿನ ಫಲಿತಾಂಶಕ್ಕಾಗಿ ಕಾಯಬಾರದು. ಆರು ತಿಂಗಳು ದಾಟಿದ ಗಬ್ಬ ಇಳಿದರೆ ಪಶುವೈದ್ಯರಿಗೆ ಹೇಳಬೇಕು, ಅಂದು ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯಬೇಕು. ಮಾಸು, ಸತ್ತ ಕರು, ನೆನೆದ ಸೊಪ್ಪು ಎಲ್ಲವನ್ನೂ ಕೈಗವಸು ಹಾಕಿ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ತೋಟದ ಬದಿಗೆ, ತೋಡಿಗೆ ಎಸೆದರೆ ನಾಯಿ ಎಳೆದುಕೊಂಡು ಪಕ್ಕದ ಹಟ್ಟಿಗೆ ಮುಟ್ಟಿಸುತ್ತದೆ. ಕಂದು ರೋಗ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪಟ್ಟಿಯಲ್ಲಿದೆ, ವರದಿ ಮಾಡುವುದು ಕಾನೂನಿನ ಹೊಣೆ. ಆದರೆ ವರದಿ ಮಾಡಿದವನಿಗೆ ಸಿಗುವುದು ಏನು? ಬೇರೆ ದೇಶಗಳು ಈ ರೋಗವನ್ನು ತೊಲಗಿಸಿದ್ದು ಪಾಸಿಟಿವ್ ಬಂದ ಹಸುವನ್ನು ಪರಿಹಾರ ಕೊಟ್ಟು ಕೊಲ್ಲುವ ಮೂಲಕ. ಇಲ್ಲಿ ಆ ಪದ್ಧತಿಯಿಲ್ಲ, ಬರುವಂತೆಯೂ ಕಾಣುವುದಿಲ್ಲ. ಆಗ ಉಳಿಯುವ ಸುಲಭದ ದಾರಿ, ಹಸುವನ್ನು ಸದ್ದಿಲ್ಲದೆ ಇನ್ನೊಂದು ಊರಿಗೆ ಮಾರುವುದು. ಪರೀಕ್ಷೆ ಎಷ್ಟು ಚೆನ್ನಾಗಿ ಮಾಡಿದರೂ ಅದರ ಮುಂದಿನ ಹೆಜ್ಜೆ ಇಲ್ಲದಿದ್ದರೆ ರೋಗವನ್ನು ನಾವೇ ಊರೂರಿಗೆ ಹಂಚಿದಂತೆ. ಪಾಸಿಟಿವ್ ಖಚಿತವಾದ ಹಸುವಿನ ಕಿವಿಯೋಲೆ ಸಂಖ್ಯೆಗೆ ಮಾರಾಟದ ತಡೆ, ವಿಮೆಯಲ್ಲಿ ಅಥವಾ ಸಂಘದ ನಿಧಿಯಲ್ಲಿ ಆ ಮನೆಗೆ ಬದಲಿ ಹಸುವಿನ ಸಹಾಯ, ಕರು ಹಾಕಲು ಬೇರೆ ಜಾಗ, ಉಳಿದ ಹಸುಗಳ ನಂತರ ಆ ಹಸುವಿನ ಹಾಲು ಕರೆಯುವ ಕ್ರಮ, ಇವಿಷ್ಟನ್ನು ಬರಹದಲ್ಲಿ ಹೇಳಿ.

ಪ್ರತಿ ಸಂಘಕ್ಕೂ ಸಿಎಂಟಿ ತಟ್ಟೆ ಮತ್ತು ದ್ರಾವಣ ಕೊಟ್ಟು, ತಿಂಗಳಿಗೊಮ್ಮೆ ಮನೆಗಳಲ್ಲೇ ಪರೀಕ್ಷೆ ಮಾಡಲು ಒಬ್ಬರನ್ನು ತಯಾರು ಮಾಡಿ. ಕಲ್ಚರ್‌ಗೆ ಕಳಿಸುವ ಬಾಟಲಿಯ ಮೇಲೆ ಕಿವಿಯೋಲೆ ಸಂಖ್ಯೆ, ಯಾವ ಮೊಲೆ, ದಿನಾಂಕ, ಹೊತ್ತು, ಕೊನೆಯ ಔಷಧಿ ಯಾವತ್ತು ಎಂಬ ಐದು ವಿವರ ಇಲ್ಲದಿದ್ದರೆ ಲ್ಯಾಬ್ ಅದನ್ನು ಸ್ವೀಕರಿಸಲೇಬಾರದು.

ಜನರಿಗೆ ಹೇಳಬೇಕಾದದ್ದೂ ಇದೆ. 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿಯಾದ ಹಾಲಿನಲ್ಲಿ ಬ್ರುಸೆಲ್ಲಾ ಬದುಕುವುದಿಲ್ಲ. ಪ್ಯಾಕೆಟ್ ಹಾಲಿನ ಬಗ್ಗೆ ಭಯ ಬೇಡ, ಮನೆಯಲ್ಲಿ ಉಕ್ಕಿಸಿದ ಹಾಲಿನ ಬಗ್ಗೆಯೂ ಬೇಡ. ಹಸಿ ಹಾಲಿನ ಪಂಚಾಮೃತ ಬೇರೆ ಮಾತು. ಕಾಯಿಸಿ ಆರಿಸಿದ ಹಾಲು ಶಾಸ್ತ್ರಕ್ಕೆ ಸಲ್ಲುತ್ತದೋ ಇಲ್ಲವೋ ತಂತ್ರಿಗಳು ಹೇಳಲಿ, ಆರೋಗ್ಯಕ್ಕಂತೂ ಸಲ್ಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಬೆನ್ನು ಮತ್ತು ಕೀಲು ನೋವು ವಾರಗಟ್ಟಲೆ ಇದ್ದರೆ ಮಂಗಳೂರು, ಉಡುಪಿಯಲ್ಲಿ ವೈದ್ಯರಿಗೆ ಮೊದಲು ನೆನಪಾಗುವುದು ಮಲೇರಿಯಾ, ಡೆಂಗಿ, ಇಲಿ ಜ್ವರ. ‘ಮನೆಯಲ್ಲಿ ದನ ಇದೆ, ಒಂದು ಕಂದು ಹಾಕಿತ್ತು’ ಎಂದು ರೋಗಿಯೇ ಹೇಳಿದರೆ ಬ್ರುಸೆಲ್ಲಾ ರಕ್ತ ಪರೀಕ್ಷೆಯ ಕಡೆಗೂ ಗಮನ ಹೋಗುತ್ತದೆ. ಚಿಕಿತ್ಸೆ ಇದೆ, ಆದರೆ ಕನಿಷ್ಠ ಎರಡು ಔಷಧಿ, ಆರು ವಾರ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮತ್ತೆ ಬರುತ್ತದೆ.

ಕೊನೆಯದು ಫಲಿತಾಂಶದ ಚೀಟಿ. ಈಗಿನ ‘ನೆಗೆಟಿವ್’ ಎಂಬ ಒಂದು ಪದದ ಬದಲು ಅದರಲ್ಲಿ ಇಷ್ಟು ಅಚ್ಚಾಗಲಿ: ಮಾಡಿದ ಪರೀಕ್ಷೆಯ ಹೆಸರು, ಮಾದರಿ ತೆಗೆದ ದಿನ, ಎಷ್ಟು ಮನೆಗಳ ಎಷ್ಟು ಕರೆಯುವ ಹಸುಗಳ ಹಾಲು, ಆ ಮನೆಗಳಲ್ಲಿ ಮಾದರಿಗೆ ಸೇರದ ಬತ್ತಿದ ಹಸು ಮತ್ತು ಕಡಸುಗಳ ಸಂಖ್ಯೆ, ಅಂದಿನ ಪಾಸಿಟಿವ್ ಟ್ಯೂಬ್ ಸರಿಯಾಗಿ ಬಂದಿತ್ತೇ ಎಂಬುದು, ಮತ್ತು ‘ಈ ಮಾದರಿಯಲ್ಲಿ ಬ್ರುಸೆಲ್ಲಾ ಪ್ರತಿಕಾಯ ಕಂಡುಬಂದಿಲ್ಲ. ಹಸು ಮಾರಾಟಕ್ಕೆ ಇದು ಪ್ರಮಾಣಪತ್ರವಲ್ಲ’ ಎಂಬ ಎರಡು ಸಾಲು. ಮುಂದಿನ ಸುತ್ತಿನ ಮಾದರಿ ತೆಗೆಯುವ ಮೊದಲು ಈ ಚೀಟಿಯ ನಮೂನೆಯನ್ನು ಎಲ್ಲ ಸಂಘಗಳಿಗೆ ಕಳುಹಿಸಬೇಕೆಂದು ಕೋರುತ್ತೇವೆ.

ಇತಿ,
ಎರಡೂ ಜಿಲ್ಲೆಗಳ ಕೆಲವು ಪಶುವೈದ್ಯರು, ಲ್ಯಾಬ್ ತಂತ್ರಜ್ಞರು ಮತ್ತು ಸಂಘಗಳ ಹಾಲು ಪರೀಕ್ಷಕರು